ನಾನು ಬೇಡವೆಂದ ಮಿಲ್ಕ್ ಕಪ್ ಟಿಕೆಟು

ಹಾಸನದಿಂದ ಇಂಗ್ಲೆಂಡಿನ ಸಂಡರ್‌ಲೆಂಡಿಗೆ ಬಂದು ನಾಲ್ಕು ತಿಂಗಳಾಯಿತು, ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದೇನೆ ಎಂದು ಬರೆದಿದ್ದೀರಿ. ನನ್ನ ವಯಸ್ಸಿಗೆ ನಿಮ್ಮನ್ನು ಮಗಳೇ ಎಂದು ಕರೆಯಬಹುದು. ಆದರೆ ಮುಖ ನೋಡದವರನ್ನು ಏಕವಚನದಲ್ಲಿ ಮಾತನಾಡಿಸಿ ಅಭ್ಯಾಸವಿಲ್ಲ, ಬಹುವಚನವೇ ಇರಲಿ ಅಮ್ಮ.

ನೀವು ಕೇಳಿರುವುದು ಐದು ಪ್ರಶ್ನೆ. ಚಳಿಗೆ ಏನು ಮಾಡಬೇಕು? ಕಾರು ಓಡಿಸಲು ಊರಿನ ಲೈಸೆನ್ಸ್ ಸಾಕೇ? ಮಗನಿಗೆ ಐದು ತುಂಬಿದರೆ ಶಾಲೆಯಲ್ಲಿ ಹಾಲು ಕೊಡುವುದನ್ನು ನಿಲ್ಲಿಸುತ್ತಾರಂತೆ, ನಿಜವೇ? ವಾರ್ಡಿನಲ್ಲಿ ಎಲ್ಲರ ಬಾಯಲ್ಲೂ ಇರುವ ಕಾರಬಾವ್ ಕಪ್ ಎಂದರೇನು? ಕೊನೆಯದು ಪ್ರಶ್ನೆಗಿಂತ ದೂರು: "ಇಲ್ಲಿಯವರದು ಬರೀ ಮೇಲುಮಾತು. ಒಂದು ಸಲ ಕರೆಯುತ್ತಾರೆ, ಬರುವುದಿಲ್ಲ ಎಂದರೆ ಮತ್ತೆ ಕರೆಯುವುದೇ ಇಲ್ಲ." ಈ ಕೊನೆಯ ಸಾಲನ್ನು ಓದಿದ ಮೇಲೆ ನನಗೆ ರಾತ್ರಿ ನಿದ್ದೆ ಬರಲಿಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲೆರಡನ್ನು ಮುಗಿಸಿಬಿಡುತ್ತೇನೆ. ಚಳಿಗೆ ಒಂದು ದಪ್ಪ ಕೋಟಿಗಿಂತ ಒಂದರ ಮೇಲೊಂದು ತೆಳ್ಳಗಿನ ಎರಡು ಸ್ವೆಟರ್ ವಾಸಿ. ಸಾರು ಕುದಿಸುವಾಗ ಕಿಟಕಿ ತೆಗೆದಿಡಿ, ಇಲ್ಲದಿದ್ದರೆ ಗೋಡೆಗೆ ಬೂಷ್ಟು ಹಿಡಿಯುತ್ತದೆ. ಊರಿನ ಲೈಸೆನ್ಸಿನಲ್ಲಿ ಒಂದು ವರ್ಷ ಓಡಿಸಬಹುದು, ಆಮೇಲೆ ಇಲ್ಲಿಯದೇ ಬೇಕು. ಹನ್ನೊಂದನೆಯ ತಿಂಗಳಿನವರೆಗೆ ಕಾಯಬೇಡಿ.

ಹಾಲಿನ ವಿಷಯ ನಿಜ. ಐದನೆಯ ಹುಟ್ಟುಹಬ್ಬದವರೆಗೆ ದಿನಕ್ಕೆ ಮೂರನೆಯ ಒಂದು ಪೈಂಟು, ಅಂದರೆ 189 ಮಿಲಿ ಲೀಟರ್, ಪುಕ್ಕಟೆ. ಆಮೇಲೆ ಬೇಕಾದರೆ ದುಡ್ಡು ಕಟ್ಟಬೇಕು. "ನಮ್ಮ ಹಾಸನದ ಸರ್ಕಾರಿ ಶಾಲೆಯಲ್ಲಿ ಕ್ಷೀರಭಾಗ್ಯ ಇದೆ, ಇಷ್ಟು ಶ್ರೀಮಂತ ದೇಶಕ್ಕೆ ಏನಾಯಿತು" ಎಂದು ಕೇಳಿದ್ದೀರಿ. ಇಲ್ಲಿಯೂ ಇತ್ತು ಅಮ್ಮ. ಮಹಾಯುದ್ಧ ಮುಗಿದ ಮರುವರ್ಷ, 1946ರಲ್ಲಿ, ಹದಿನೆಂಟರೊಳಗಿನ ಎಲ್ಲ ಶಾಲಾ ಮಕ್ಕಳಿಗೂ ಹಾಲು ಕೊಡಬೇಕೆಂದು ಕಾನೂನು ಮಾಡಿದರು. ದೇಶ ಸಾಲದಲ್ಲಿತ್ತು, ಅಂಗಡಿಯಲ್ಲಿ ರೇಷನ್ ಇತ್ತು, ಆದರೂ ಕೊಟ್ಟರು. ಕೈಯಲ್ಲಿ ದುಡ್ಡು ಓಡಾಡತೊಡಗಿದ ಮೇಲೆ ನಿಲ್ಲಿಸಿದರು. 1968ರಲ್ಲಿ ಪ್ರೌಢಶಾಲೆಗಳಲ್ಲಿ ನಿಂತಿತು. 1971ರಲ್ಲಿ ಏಳು ದಾಟಿದ ಮಕ್ಕಳಿಗೂ ನಿಲ್ಲಿಸಿದವರು ಆಗಿನ ಶಿಕ್ಷಣ ಸಚಿವೆ ಮಾರ್ಗರೆಟ್ ಥ್ಯಾಚರ್. "ಥ್ಯಾಚರ್, ಥ್ಯಾಚರ್, ಮಿಲ್ಕ್ ಸ್ನ್ಯಾಚರ್", ಅಂದರೆ ಹಾಲು ಕಸಿದವಳು, ಎಂದು ಪ್ರಾಸ ಕಟ್ಟಿ ಜನ ಕೂಗಿದರು. ನಿಮ್ಮ ವಾರ್ಡಿನಲ್ಲಿ ಅರವತ್ತು ದಾಟಿದ ರೋಗಿ ಯಾರನ್ನಾದರೂ ಕೇಳಿ ನೋಡಿ, ಈಗಲೂ ಹೇಳುತ್ತಾರೆ.

ಇನ್ನು ಕಪ್ಪು. ಇಲ್ಲಿಯ ಫುಟ್‌ಬಾಲಿನಲ್ಲಿ ಲೀಗ್ ಕಪ್ ಎಂಬ ಪಂದ್ಯಾವಳಿ ಇದೆ, 1960ರಲ್ಲಿ ಶುರುವಾದದ್ದು. ಅದಕ್ಕೆ ಹಣ ಕೊಟ್ಟವರ ಹೆಸರನ್ನೇ ಇಡುತ್ತಾ ಬಂದಿದ್ದಾರೆ. ಆ ಹೆಸರುಗಳನ್ನು ಸಾಲಾಗಿ ಕೇಳಿದರೆ ಒಂದು ಸಂಸಾರ ಹಾಳಾದ ಕಥೆಯಂತಿದೆ. ಮೊದಲು ಹಾಲು: 1981–82ರ ಋತುವಿನಿಂದ 1986ರವರೆಗೆ ಅದು ಮಿಲ್ಕ್ ಕಪ್. ರೈತರಿಂದ ಹಾಲು ಕೊಂಡು ಮಾರುತ್ತಿದ್ದ ಮಿಲ್ಕ್ ಮಾರ್ಕೆಟಿಂಗ್ ಬೋರ್ಡ್ ದುಡ್ಡು ಕೊಟ್ಟಿತ್ತು. ನಮ್ಮ ಕೆಎಂಎಫ್ ಇದ್ದ ಹಾಗೆ ಎಂದುಕೊಳ್ಳಿ, ಆದರೆ ಅದು ಸಹಕಾರ ಸಂಘವಲ್ಲ. ಹಾಲು ಹೋದ ಮೇಲೆ ಪಂದ್ಯದ ಮೇಲೆ ಪಣ ಕಟ್ಟಿಸಿಕೊಳ್ಳುವ ಲಿಟಲ್‌ವುಡ್ಸ್ ಬಂತು. ಆಮೇಲೆ ಟಿವಿ ಮಾರುವ ರಂಬೆಲೋಸ್, ಅದಾದ ಮೇಲೆ ಕೋಕಾಕೋಲಾ. ನಂತರ ವರ್ದಿಂಗ್‌ಟನ್, ಕಾರ್ಲಿಂಗ್ ಎಂಬ ಎರಡು ಬಿಯರ್. ಕೊನೆಗೆ ಸಾಲದ ಕಾರ್ಡಿನ ಕ್ಯಾಪಿಟಲ್ ಒನ್. 2017ರಿಂದ ಥಾಯ್ಲೆಂಡಿನ ಒಂದು ಶಕ್ತಿಪೇಯದ ಹೆಸರು, ಕಾರಬಾವ್. ಆ ಪದಕ್ಕೆ ಎಮ್ಮೆ ಎಂದೇ ಅರ್ಥ, ಡಬ್ಬಿಯ ಮೇಲೆ ಕೋಡು ಸಹಿತ ತಲೆಬುರುಡೆ ಇದೆ. ಹಾಲಿನಿಂದ ಹೊರಟದ್ದು ಊರೆಲ್ಲ ಸುತ್ತಿ ಎಮ್ಮೆಯ ಬುರುಡೆಗೆ ಬಂದು ನಿಂತಿದೆ. 2025ರಲ್ಲಿ ಆ ಕಪ್ಪನ್ನು ಗೆದ್ದವರು ಈ ಊರಿನ ಬದ್ಧವೈರಿಗಳಾದ ಪಕ್ಕದೂರಿನ ನ್ಯೂಕಾಸಲ್‌ನವರು. ನಿಮ್ಮ ವಾರ್ಡಿನಲ್ಲಿ ಅದರ ಮಾತು ಬಂದಾಗ ಮುಖಗಳು ಗಂಟಿಕ್ಕುವುದು ಅದಕ್ಕೇ. ಮಗನಿಗೆ ಅವರ ಕಪ್ಪುಬಿಳಿ ಪಟ್ಟೆಯ ಅಂಗಿಯನ್ನು ಮಾತ್ರ ಕೊಡಿಸಬೇಡಿ. ಈ ಊರಿನ ಪಟ್ಟೆ ಕೆಂಪುಬಿಳಿ.

ನಾನು ಈ ಊರಿಗೆ ಬಂದದ್ದು 1985ರ ಜನವರಿಯಲ್ಲಿ. ಮೈಸೂರಿನಲ್ಲಿ ವೈದ್ಯಕೀಯ ಓದಿ, ಇಲ್ಲಿಯ ಪರೀಕ್ಷೆ ಬರೆದು, ಕಿರಿಯ ವೈದ್ಯನಾಗಿ ಸೇರಿದ್ದೆ. ಇಂಗ್ಲಿಷ್ ಬರುತ್ತದೆ ಎಂಬ ಜಂಬವಿತ್ತು, ಅದು ಒಂದೇ ದಿನದಲ್ಲಿ ಇಳಿಯಿತು. ಇವರು ಆಡುವುದು ನಾವು ಪುಸ್ತಕದಲ್ಲಿ ಓದಿದ ಇಂಗ್ಲಿಷ್ ಅಲ್ಲವೆಂದು ನಿಮಗೂ ಗೊತ್ತಾಗಿರಬೇಕು. ನಿಮ್ಮನ್ನು ಯಾರಾದರೂ "ಪೆಟ್" ಎಂದರೆ ಸಾಕುಪ್ರಾಣಿ ಎಂದರು ಅಂದುಕೊಳ್ಳಬೇಡಿ. ನಮ್ಮ ಕಡೆ "ಕಂದ" ಎಂದ ಹಾಗೆ.

ಮಾರ್ಚಿನಲ್ಲಿ ಹಡಗುಕಟ್ಟೆಯ ಮುದುಕರೊಬ್ಬರು ನ್ಯುಮೋನಿಯಾ ಆಗಿ ದಾಖಲಾಗಿದ್ದರು. ಜ್ವರ ಬಂದ ವೃದ್ಧರಲ್ಲಿ ಬುದ್ಧಿ ಸ್ತಿಮಿತದಲ್ಲಿದೆಯೇ ಎಂದು ನೋಡಬೇಕಲ್ಲ, ಇವತ್ತು ಯಾವ ವಾರ ಎಂದು ಕೇಳಿದೆ. "ವಾರ ಯಾವುದಾದರೇನು, ಮಿಲ್ಕ್ ಕಪ್ಪಿನ ಹೊತ್ತಿಗೆ ನನ್ನನ್ನು ಮನೆಗೆ ಕಳುಹಿಸು" ಎಂದರು. ಮತ್ತೊಮ್ಮೆ ಕೇಳಿದೆ, ಮತ್ತೆ ಮಿಲ್ಕ್ ಕಪ್ಪು. "ರೋಗಿಗೆ ಗೊಂದಲವಿದೆ, ಹಾಲಿನ ಬಟ್ಟಲನ್ನು ಪದೇ ಪದೇ ಕೇಳುತ್ತಿದ್ದಾರೆ" ಎಂದು ಕಡತದಲ್ಲಿ ಬರೆದೆ. ಅಷ್ಟಕ್ಕೇ ಬಿಡಲಿಲ್ಲ, ಪಾಪ ಎನಿಸಿ, ಅವರಿಗೊಂದು ಲೋಟ ಬೆಚ್ಚಗಿನ ಹಾಲು ಕೊಡಿ ಎಂದು ನರ್ಸಿಗೂ ಹೇಳಿದೆ. ಮುದುಕರು ಲೋಟವನ್ನು ನೋಡಿದರು, ನನ್ನನ್ನು ನೋಡಿದರು. ಇಡೀ ವಾರ್ಡು ನಕ್ಕಿತು.

ನಗದೆ ನನಗೆ ಬಿಡಿಸಿ ಹೇಳಿದವನು ಗಾಲಿಮಂಚ ತಳ್ಳುತ್ತಿದ್ದ ಪೋರ್ಟರ್. ನಲವತ್ತರ ಆಸುಪಾಸಿನ ಮನುಷ್ಯ, ಬೆರಳುಗಳು ಸಿಗರೇಟಿನ ಹೊಗೆಗೆ ಹಳದಿಯಾಗಿದ್ದವು. ಸಂಡರ್‌ಲೆಂಡ್ ತಂಡ ವೆಂಬ್ಲಿಯಲ್ಲಿ ಫೈನಲ್ ಆಡಲಿದೆ, ಊರು ಊರೇ ಲಂಡನ್ನಿಗೆ ಹೊರಟಿದೆ ಎಂದ. ಹಾಲಿಗೂ ಚೆಂಡಿಗೂ ಏನು ಸಂಬಂಧ ಎಂದೆ. ಅಲ್ಲಿಂದ ಮಾತು ಶಾಲೆಯ ಹಾಲಿಗೆ ತಿರುಗಿತು. ಅವನು ತರಗತಿಯ ಹಾಲಿನ ಮಾನಿಟರ್ ಆಗಿದ್ದನಂತೆ. ಪುಟ್ಟ ಪುಟ್ಟ ಗಾಜಿನ ಬಾಟಲಿಗಳ ಕ್ರೇಟನ್ನು ಅಂಗಳದಿಂದ ಎತ್ತಿ ತರುವುದು, ಬೆಳ್ಳಿಬಣ್ಣದ ಮುಚ್ಚಳಕ್ಕೆ ತೂತು ಮಾಡಿ ಕೊಳವೆ ಸಿಕ್ಕಿಸಿ ಹಂಚುವುದು. ಚಳಿಗಾಲದಲ್ಲಿ ಹಾಲು ಗಟ್ಟಿಯಾಗಿ, ಕೆನೆ ಮುಚ್ಚಳವನ್ನೇ ಮೇಲೆತ್ತಿ ಟೋಪಿಯಂತೆ ನಿಲ್ಲುತ್ತಿತ್ತಂತೆ. ಅದನ್ನು ಕರಗಿಸಲು ಹೀಟರಿನ ಪಕ್ಕದಲ್ಲಿಟ್ಟರೆ ಎಲ್ಲರಿಗೂ ಉಗುರುಬೆಚ್ಚಗಿನ, ಅರೆಹುಳಿ ಹಾಲು. "ಅಸಹ್ಯವಾಗಿತ್ತು" ಎಂದ, ಮುಖದ ತುಂಬ ಸಂತೋಷವಿಟ್ಟುಕೊಂಡು.

ನಾನೂ ನನ್ನದನ್ನು ಹೇಳಿದೆ. ಅರಕಲಗೂಡಿನ ಕಡೆಯ ನಮ್ಮ ಹಳ್ಳಿ ಶಾಲೆಗೆ ಅರವತ್ತರ ದಶಕದಲ್ಲಿ ಅಮೆರಿಕದಿಂದ ಕೇರ್ ಸಂಸ್ಥೆಯ ಹಾಲಿನ ಪುಡಿ ಬರುತ್ತಿತ್ತು. ನಿಮ್ಮ ತಂದೆಯವರಿಗೆ ನೆನಪಿರುತ್ತದೆ, ಕೇಳಿ. ಮೇಷ್ಟ್ರು ದೊಡ್ಡ ಪಾತ್ರೆಯಲ್ಲಿ ನೀರು ಕಾಯಿಸಿ ಪುಡಿ ಸುರಿಯುತ್ತಿದ್ದರು, ದೊಡ್ಡ ಹುಡುಗರು ಸೌಟು ತಿರುಗಿಸುತ್ತಿದ್ದರು, ನಾವು ಮನೆಯಿಂದ ತಂದ ಲೋಟ ಹಿಡಿದು ಸಾಲು ನಿಲ್ಲುತ್ತಿದ್ದೆವು. ತಳದಲ್ಲಿ ಗಂಟು, ಮೇಲೆ ನೊರೆ, ಸೀದ ವಾಸನೆ. ಯಾವ ದೇಶದ ಯಾವ ದನದ ಹಾಲೋ, ಮುಟ್ಟಬೇಡ ಎಂದು ಅಜ್ಜಿ ತಾಕೀತು ಮಾಡಿದ್ದಳು. ನಾನು ಕುಡಿದು, ಬಾಯಿ ಒರೆಸಿಕೊಂಡು ಮನೆಗೆ ಹೋಗುತ್ತಿದ್ದೆ. ಮೇಷ್ಟ್ರು ಆಚೆ ಹೋದಾಗ ಒಣಪುಡಿಯನ್ನೇ ಬಾಯಿಗೆ ಹಾಕಿಕೊಂಡರೆ ಅಂಗುಳಕ್ಕೆ ಅಂಟಿಕೊಂಡು ಪಾಠ ಒಪ್ಪಿಸಲು ನಾಲಿಗೆ ಹೊರಳುತ್ತಿರಲಿಲ್ಲ. ಪೋರ್ಟರ್ ನಕ್ಕು ನಕ್ಕು ಗೋಡೆಗೆ ಒರಗಿದ. ಈ ದೇಶದಲ್ಲಿ ನನ್ನ ಊರಿನ ಮಾತನ್ನು ಪೂರ್ತಿ ಕೇಳಿದ ಮೊದಲ ಮನುಷ್ಯ ಅವನು.

ಎರಡು ದಿನ ಬಿಟ್ಟು ಬಂದು, ಒಂದು ಟಿಕೆಟು ಹೆಚ್ಚಿಗೆ ಇದೆ, ನಮ್ಮ ಬಸ್ಸಿನಲ್ಲಿ ಜಾಗವೂ ಇದೆ, ಬರುತ್ತೀಯಾ ಎಂದು ಕೇಳಿದ.

ಹೋಗಬೇಕೆಂದು ಜೀವ ಹಾರಿತು. ಆದರೆ ನನ್ನ ಬಾಯಲ್ಲಿ ಬಂದದ್ದು "ಬೇಡ, ಪರವಾಗಿಲ್ಲ, ನಿಮಗೇಕೆ ತೊಂದರೆ". ಏಕೆ ಎಂದು ನಿಮಗೆ ವಿವರಿಸಬೇಕಾಗಿಲ್ಲ. ಯಾರಾದರೂ ಒಂದು ಲೋಟ ಕಾಫಿ ಕೊಟ್ಟರೂ ಮೊದಲು ಬೇಡ ಎನ್ನಬೇಕು. ಅವರು "ಅಯ್ಯೋ, ಸ್ವಲ್ಪ ತೆಗೆದುಕೊಳ್ಳಿ" ಎನ್ನಬೇಕು. ಮತ್ತೆ ನಾವು "ಈಗತಾನೆ ಆಯಿತು" ಎನ್ನಬೇಕು. ಮೂರನೆಯ ಸಲಕ್ಕೆ ಲೋಟ ಕೈಗೆ ಬರಬೇಕು. ಕರೆದ ತಕ್ಷಣ ಹೂಂ ಎಂದವನನ್ನು ನಮ್ಮಮ್ಮ ಬಕಾಸುರ ಎನ್ನುತ್ತಿದ್ದಳು. ನಾನು ಎರಡನೆಯ ಸಲದ ಕರೆಗೆ ಕಾದು ನಿಂತೆ. ಅವನು "ಸರಿ ಡಾಕ್ಟರ್" ಎಂದು ಗಾಲಿಮಂಚ ತಳ್ಳಿಕೊಂಡು ಹೋದ. ಅಷ್ಟು ಹೊತ್ತೂ ಹೆಸರು ಹಿಡಿದು ಕರೆಯುತ್ತಿದ್ದವನು ಆಗ ಡಾಕ್ಟರ್ ಎಂದದ್ದನ್ನು ನಾನು ಗಮನಿಸಲೂ ಇಲ್ಲ. ಒತ್ತಾಯ ಮಾಡಲಿಲ್ಲ, ಬಾಯಿಮಾತಿಗೆ ಕರೆದಿದ್ದ ಎಂದುಕೊಂಡೆ. ನೀವು ಬರೆದಿರುವ ಅದೇ "ಮೇಲುಮಾತು" ಎಂಬ ಶಬ್ದ ನನ್ನ ತಲೆಯಲ್ಲೂ ಇತ್ತು.

ಮಾರ್ಚ್ 24, ಭಾನುವಾರ. ಆಸ್ಪತ್ರೆಯ ವಸತಿಗೃಹದ ಟಿವಿಯಲ್ಲಿ ಒಬ್ಬನೇ ನೋಡಿದೆ. ಎದುರಾಳಿ ನಾರ್ವಿಚ್. ಅವರ ಹಾರ್ಟ್‌ಫರ್ಡ್ ಒದ್ದ ಚೆಂಡು ನಮ್ಮ ಚಿಶಮ್‌ಗೆ ತಗುಲಿ ನಮ್ಮದೇ ಗೋಲಿಗೆ ಹೋಯಿತು. ಸ್ವಲ್ಪ ಹೊತ್ತಿಗೇ ನಮಗೊಂದು ಪೆನಾಲ್ಟಿ ಸಿಕ್ಕಿತು, ವಾಕರ್ ಅದನ್ನು ಕಂಬಕ್ಕೆ ಹೊಡೆದ. ಒಂದು ಸೊನ್ನೆಯಲ್ಲಿ ಸೋತೆವು. ನೋಡಿ, ಅಂದೇ "ನಮ್ಮ" ಎಂದು ಶುರುವಾದದ್ದು. ಸೋತವರೂ ಗೆದ್ದವರೂ ಒಟ್ಟಿಗೆ ಹಾಡಿಕೊಂಡು ಹೊರಬಂದರಂತೆ. ಫುಟ್‌ಬಾಲ್ ಎಂದರೆ ಹೊಡೆದಾಟ ಎಂದಿದ್ದ ಕಾಲದಲ್ಲಿ ಅದು ದೊಡ್ಡ ಸುದ್ದಿ. ಇವತ್ತಿಗೂ ಈ ಎರಡು ತಂಡಗಳು ಎದುರಾದರೆ ಫ್ರೆಂಡ್‌ಶಿಪ್ ಟ್ರೋಫಿಗಾಗಿ ಆಡುತ್ತಾರೆ ಎನ್ನುತ್ತಾರೆ. ಆ ಋತು ಮುಗಿಯುವಾಗ ಎರಡೂ ತಂಡಗಳು ಕೆಳಗಿನ ದರ್ಜೆಗೆ ಬಿದ್ದವು ಎನ್ನುವುದು ಬೇರೆ ಮಾತು.

ಪೋರ್ಟರ್ ಆಮೇಲೂ ಮರ್ಯಾದೆಯಿಂದಲೇ ಇದ್ದ. ಮರ್ಯಾದೆ ಮಾತ್ರ ಉಳಿದಿತ್ತು. ಆಗಸ್ಟಿನಲ್ಲಿ ನನಗೆ ಬೇರೆ ಊರಿನಲ್ಲಿ ಕೆಲಸವಾಯಿತು. ಏಳು ವರ್ಷ ಬಿಟ್ಟು ಇದೇ ಊರಿಗೆ ಮರಳಿದಾಗ ಹಳೆಯ ವಾರ್ಡಿನ ಸಿಸ್ಟರ್ ಒಬ್ಬರು ಸಿಕ್ಕರು. ಮಾತಿನ ನಡುವೆ ಅವನ ಸುದ್ದಿ ಬಂತು, ತೀರಿಕೊಂಡು ಎರಡು ವರ್ಷವಾಗಿತ್ತು. ಆ ಟಿಕೆಟು ಅವನ ತಮ್ಮನದಂತೆ. ತಮ್ಮ ಗಣಿ ಕಾರ್ಮಿಕ. ವರ್ಷವಿಡೀ ನಡೆದ ಗಣಿ ಮುಷ್ಕರ ಆ ಮಾರ್ಚ್ 3ಕ್ಕೆ ತಾನೇ ಸೋತು ಮುಗಿದಿತ್ತು, ಹಾಲು ಕಸಿದ ಆಕೆಯೇ ಆಗ ಪ್ರಧಾನಿ. ಸಾಲ ಮೈಮೇಲಿದ್ದ ತಮ್ಮ ವೆಂಬ್ಲಿಗೆ ಹೋಗುವ ಸ್ಥಿತಿಯಲ್ಲಿರಲಿಲ್ಲ. ಅದನ್ನು ಮಾರಿದ್ದರೆ ಎರಡರಷ್ಟು ದುಡ್ಡು ಬರುತ್ತಿತ್ತು. ನಮ್ಮ ಇಂಡಿಯಾದ ಹುಡುಗನಿಗೆ ಕೊಡೋಣ ಎಂದು ಇವನೇ ತಮ್ಮನನ್ನು ಒಪ್ಪಿಸಿದ್ದನಂತೆ. ನಾನು ಬೇಡವೆಂದ ಮೇಲೆ ಅವನು ಸಿಸ್ಟರ್ ಹತ್ತಿರ ಹೇಳಿದ್ದು ಇಷ್ಟೇ: "ಡಾಕ್ಟರಲ್ಲವೇ, ಪೋರ್ಟರ್‌ಗಳ ಬಸ್ಸಿನಲ್ಲಿ ಹೇಗೆ ಕೂತಾರು?"

2014ರಲ್ಲಿ ಸಂಡರ್‌ಲೆಂಡ್ ಮತ್ತೆ ಅದೇ ಕಪ್ಪಿನ ಫೈನಲ್ ಸೇರಿದಾಗ ಮಗನೊಂದಿಗೆ ವೆಂಬ್ಲಿಗೆ ಹೋದೆ. ಆಗ ಅದು ಸಾಲದ ಕಾರ್ಡಿನ ಕಪ್ಪು. ಮೂರು ಒಂದರಲ್ಲಿ ಮ್ಯಾಂಚೆಸ್ಟರ್ ಸಿಟಿಗೆ ಸೋತೆವು. ಸೀಟು ಚೆನ್ನಾಗಿತ್ತು, ದುಡ್ಡೂ ಚೆನ್ನಾಗಿಯೇ ತೆತ್ತಿದ್ದೆ. ಬಸ್ಸಿನಲ್ಲಿ ಹೋಗಲಿಲ್ಲ, ಕಾರಿನಲ್ಲಿ ಹೋದೆವು.

ನಿಮ್ಮ ವಾರ್ಡಿನ ಸಿಸ್ಟರ್ ಒಂದು ಸಲ ಟೀಗೆ ಕರೆದರು, ಮತ್ತೆ ಕರೆಯಲಿಲ್ಲ ಎಂದಿದ್ದೀರಿ. ಅವರು ಕೇಳಿದ್ದು ಪ್ರಶ್ನೆ, ನೀವು ಕೊಟ್ಟದ್ದು ಉತ್ತರ ಎಂದೇ ಅವರು ತಿಳಿದಿದ್ದಾರೆ. ಮರುಒತ್ತಾಯ ಮಾಡುವುದು ಇವರಲ್ಲಿ ಒರಟುತನ. ಈ ಸಲ ನೀವೇ ಹೋಗಿ, ಆವತ್ತು ಬರುವ ಆಸೆಯಿತ್ತು, ಸಂಕೋಚದಿಂದ ಬೇಡವೆಂದೆ ಎಂದು ಹೇಳಿಬಿಡಿ. ಹೀಗೆ ಹೇಳಲು ನನಗೆ ಅವನು ಇದ್ದಷ್ಟು ದಿನವೂ ಅವಕಾಶವಿತ್ತು.

ಮರೆತಿದ್ದೆ, ಮೊಸರಿಗೆ ನೀಲಿ ಮುಚ್ಚಳದ ಹಾಲನ್ನೇ ತನ್ನಿ. ಹಸಿರು ಮುಚ್ಚಳದ್ದರಲ್ಲಿ ಅರ್ಧ ಕೆನೆ ತೆಗೆದಿರುತ್ತಾರೆ, ಕೆಂಪಿನಲ್ಲಿ ಏನೂ ಉಳಿದಿರುವುದಿಲ್ಲ. ಹೆಪ್ಪು ಹಾಕಿದ ಪಾತ್ರೆಗೆ ಕಂಬಳಿ ಸುತ್ತಿಡಿ. ಹಾಲಿನ ಮಾತಿಗೇ ಇನ್ನೊಂದು: 2024ರ ಟಿ20 ವಿಶ್ವಕಪ್ಪಿನಲ್ಲಿ ಸ್ಕಾಟ್ಲೆಂಡಿನ ಕ್ರಿಕೆಟ್ ತಂಡದ ಅಂಗಿಯ ಮೇಲೆ ಕನ್ನಡ ಅಕ್ಷರದಲ್ಲಿ "ನಂದಿನಿ" ಎಂದಿತ್ತಲ್ಲ, ನೋಡಿದ್ದೀರಾ? ನಾನು ಟಿವಿಯನ್ನು ನಿಲ್ಲಿಸಿ ಹೆಂಡತಿಯನ್ನು ಅಡುಗೆಮನೆಯಿಂದ ಕೂಗಿದೆ. ಇದನ್ನು ಆ ಪೋರ್ಟರ್‌ಗೆ ಹೇಳಬೇಕಿತ್ತು ಎಂದು ಅವಳ ಹತ್ತಿರ ಅಂದೆ.

ಮುಂದಿನ ಭಾನುವಾರ ರಜೆಯಿದ್ದರೆ ಮಗನನ್ನು ಕರೆದುಕೊಂಡು ಊಟಕ್ಕೆ ಬನ್ನಿ. ನಮ್ಮ ಮನೆಯಲ್ಲಿ ನೀವು ಎರಡು ಸಲ ಬೇಡ ಎನ್ನಬಹುದು. ನನ್ನ ಹೆಂಡತಿ ಮೂರನೆಯ ಸಲವೂ ಕೇಳುತ್ತಾಳೆ.