ಸೆಮಿನಾರಿನಲ್ಲಿ 4294967297 ಅವಿಭಾಜ್ಯ ಎಂದು ತೋರಿಸಲು 2ರ ಘಾತದ ಪರೀಕ್ಷೆ ಸಾಕೇ, ಒಳ್ಳೆಯ ಸಾಫ್ಟ್‌ವೇರ್ ಬೇಕೇ?

ಸಾಫ್ಟ್‌ವೇರ್ ಬೇಡ. ಆ ಪರೀಕ್ಷೆಯೂ ಸಾಲದು. ಏಕೆಂದರೆ 4294967297 ಅವಿಭಾಜ್ಯವೇ ಅಲ್ಲ. ನಿಮ್ಮ ಪ್ರಶ್ನೆ ಓದಿ ಎದೆ ಧಸಕ್ಕೆಂದಿತು. ಬಳ್ಳಾರಿಯಲ್ಲಿ ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದಾಗ ಇದೇ ಸಂಖ್ಯೆಯನ್ನು ಹಿಡಿದುಕೊಂಡು ನಾನು ಸೆಮಿನಾರಿಗೆ ನಿಂತಿದ್ದೆ.

ಸಿರುಗುಪ್ಪದಿಂದ ದಿನವೂ ಬಸ್ಸಿನಲ್ಲಿ ಓಡಾಡುತ್ತ, ಕಿಟಕಿ ಪಕ್ಕ ಕುಳಿತು ಲೆಕ್ಕ ಮಾಡುತ್ತಿದ್ದೆ. ಫ್ರೆಂಚ್ ಗಣಿತಜ್ಞ ಫರ್ಮಾನ ಪ್ರಮೇಯದ ಪ್ರಕಾರ, ಸಂಖ್ಯೆ ಬೆಸ ಅವಿಭಾಜ್ಯವಾಗಿದ್ದರೆ, ಅದಕ್ಕಿಂತ ಒಂದು ಕಡಿಮೆ ಘಾತಕ್ಕೆ 2ನ್ನು ಏರಿಸಿ ಆ ಸಂಖ್ಯೆಯಿಂದ ಭಾಗಿಸಿದಾಗ ಶೇಷ 1 ಬರಲೇಬೇಕು. ನನಗೆ 1 ಬಂತು. ಪ್ರಮೇಯವನ್ನು ತಲೆಕೆಳಗು ಮಾಡಿ, ಶೇಷ 1 ಬಂದರೆ ಅವಿಭಾಜ್ಯವೆಂದು ತೀರ್ಮಾನಿಸಿಬಿಟ್ಟೆ.

ತಪ್ಪು ಅಷ್ಟೇ ಆಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ಈ ಸಂಖ್ಯೆ 2ರ 32ನೇ ಘಾತಕ್ಕೆ 1 ಕೂಡಿಸಿದ್ದು. ಆದ್ದರಿಂದ 2ರ 32ನೇ ಘಾತವನ್ನು ಇದರಿಂದ ಭಾಗಿಸಿದಾಗ ಶೇಷವನ್ನು −1 (ಪೂರ್ತಿ ಭಾಗವಾಗಲು ಒಂದು ಕಡಿಮೆ) ಎಂದು ಹಿಡಿಯಬಹುದು. ವರ್ಗ ಮಾಡಿ, 64ನೇ ಘಾತಕ್ಕೆ ಶೇಷ 1. ನಾವು ಏರಿಸುವ ಘಾತ 4294967296. ಅದು 64ರ ಗುಣಕ. ಹಾಗಾಗಿ ಅಲ್ಲಿಯೂ 1. ಸಂಖ್ಯೆ ಅವಿಭಾಜ್ಯವೋ ಅಲ್ಲವೋ ಎಂಬ ಮಾತು ಈ ಲೆಕ್ಕದಲ್ಲಿ ಎಲ್ಲಿಯೂ ಬರಲೇ ಇಲ್ಲ, ನೋಡಿ! ಉತ್ತರ 1 ಎಂಬುದು ಸಂಖ್ಯೆಯ ಹುಟ್ಟಿನಲ್ಲೇ ಇತ್ತು. ಮೂರು ವಾರ ಬಸ್ಸಿನಲ್ಲಿ ಕುಳಿತು ನಾನು ಏನನ್ನೂ ಪರೀಕ್ಷಿಸಿರಲಿಲ್ಲ. ಘಾತಕ್ಕೆ ಏರಿಸುವ ಸಂಖ್ಯೆಯನ್ನು 2ರ ಬದಲು 3 ಮಾಡಿಕೊಂಡಿದ್ದರೆ ಶೇಷ 1 ಬರುತ್ತಿರಲಿಲ್ಲ, ಗುಟ್ಟು ಅಲ್ಲಿಯೇ ಒಡೆಯುತ್ತಿತ್ತು.

ನಾನು ಮುಗಿಸಿದ ಮೇಲೆ ಮೇಷ್ಟ್ರು, “641ರಿಂದ ಭಾಗಿಸಮ್ಮಾ” ಎಂದರು. ಬೋರ್ಡಿನ ಮೇಲೆ ಭಾಗಿಸುತ್ತ ಹೋದೆ. ಭಾಗಲಬ್ಧ 6700417, ಶೇಷ ಸೊನ್ನೆ. ಕಲಬುರಗಿಯ ಅಂತರ ಕಾಲೇಜು ಸೆಮಿನಾರಿಗೆ ನನ್ನ ಬದಲು ಗೆಳತಿ ಹೋದಳು.

2ರ ಘಾತವನ್ನು 1, 2, 4, 8, 16, 32 ಹೀಗೆ ಇಮ್ಮಡಿಸುತ್ತ ಹೋಗಿ 1 ಕೂಡಿಸಿದರೆ ಸಿಗುವ ಸಂಖ್ಯೆಗಳೆಲ್ಲ ಅವಿಭಾಜ್ಯವೆಂದೇ ಫರ್ಮಾ ಕೂಡ ನಂಬಿದ್ದ. 3, 5, 17, 257, 65537 ಹೌದು ಕೂಡ. ಮುಂದಿನದೇ ನಿಮ್ಮದು. 1732ರಲ್ಲಿ ಗಣಿತಜ್ಞ ಆಯ್ಲರ್ ಅದನ್ನು ಒಡೆದ. ಇದರ ಯಾವುದೇ ಅವಿಭಾಜ್ಯ ಭಾಜಕವನ್ನು 64ರಿಂದ ಭಾಗಿಸಿದರೆ ಶೇಷ 1 ಬರಬೇಕು. ಅಂಥ ಅವಿಭಾಜ್ಯಗಳು 193, 257, 449, 577, 641. ಐದನೆಯದಕ್ಕೇ ಸಿಕ್ಕಿಬಿತ್ತು. ಇದಕ್ಕೆ ಕಂಪ್ಯೂಟರ್ ಯಾಕೆ ಬೇಕು?

ನಿಮ್ಮ ಸೆಮಿನಾರಿನ ವಿಷಯ ಬದಲಿಸಬೇಡಿ, ‘ಅವಿಭಾಜ್ಯ’ ಎನ್ನುವ ಶೀರ್ಷಿಕೆ ಮಾತ್ರ ಬದಲಿಸಿ. ಭಾಗಾಕಾರವನ್ನೂ ಮಾಡದೆ ತೋರಿಸಬಹುದು: 641 ಎಂದರೆ 5×128+1, ಅದೇ 641 ಎಂದರೆ 625+16. 641ರಿಂದ ಭಾಗಿಸಿದಾಗಿನ ಶೇಷಗಳನ್ನು ನೋಡಿ: ಮೊದಲನೆಯದರಿಂದ 5×128ರ ಶೇಷ −1, ಅದರ ನಾಲ್ಕನೇ ಘಾತದ ಶೇಷ 1. ಅಂದರೆ 625ನ್ನು 2ರ 28ನೇ ಘಾತದಿಂದ ಗುಣಿಸಿದರೆ ಶೇಷ 1. ಎರಡನೆಯದರಿಂದ 625ರ ಜಾಗದಲ್ಲಿ −16 ಇಡಿ. 2ರ 32ನೇ ಘಾತದ ಶೇಷ −1 ಆಯಿತು. 1 ಕೂಡಿಸಿದರೆ ಸೊನ್ನೆ. ಬೋರ್ಡಿನ ಮೇಲೆ ನಾಲ್ಕೇ ಸಾಲು ಹಿಡಿಯುತ್ತದೆ.