ಬಾಂಡ್ ಪೇಪರ್ ಮೇಲೆ ಸಹಿ ಹಾಕಬೇಡಿ ಅಕ್ಕಾ

ಹದಿನಾಲ್ಕು ತಿಂಗಳಿಂದ ಹಾವೇರಿಯ ತವರಿನಲ್ಲಿದ್ದೀರಿ, ಗಂಡ ಹುಬ್ಬಳ್ಳಿಯಲ್ಲಿ. ಹಿರಿಯರು ವಿಚ್ಛೇದನವನ್ನು ಬಾಂಡ್ ಪೇಪರ್ ಮೇಲೆ ಬರೆದು ಮುಗಿಸಿ ಅಂತಾರೆ. ಒಬ್ಬ ವಕೀಲರು ಇಬ್ಬರೂ ಕೂಡಿ ಅರ್ಜಿ ಹಾಕಿ ಅಂತಾರೆ, ಇನ್ನೊಬ್ಬರು ಕ್ರೌರ್ಯದ ಕೇಸ್ ಹಾಕಿ ಅಂತಾರೆ. ಯಾವುದು ಸರಿ ಅಂತ ಕೇಳಿದ್ದೀರಿ.

ಮೊದಲು ಬಾಂಡ್ ಪೇಪರ್ ವಿಷಯ. ನಾನು ಗದಗದವಳು. ಮಾವನ ಪಡಸಾಲೆಯಲ್ಲಿ ಹಿರಿಯರು ಕೂತು ನೂರು ರೂಪಾಯಿ ಬಾಂಡ್ ಮೇಲೆ ಸೋಡಚೀಟಿ, ಅಂದರೆ ಗಂಡ ಹೆಂಡತಿ ಬೇರೆಯಾದ ಪತ್ರ, ಬರೆದರು. ನೋಟರಿ ಸೀಲೂ ಬಿತ್ತು. ಎರಡು ವರ್ಷ ಅದನ್ನು ಟ್ರಂಕಿನಲ್ಲಿಟ್ಟು, ಎಲ್ಲ ಮುಗೀತು ಅಂತ ನಂಬಿದ್ದೆ. ಹೊಸ ಸಂಬಂಧ ಬಂದಾಗ ಆ ಕಡೆಯ ವಕೀಲರು ಕೇಳಿದ್ದು ಒಂದೇ ಮಾತು: "ಡಿಕ್ರಿ ಎಲ್ಲಿದೆ?" ಡಿಕ್ರಿ ಅಂದರೆ ವಿಚ್ಛೇದನ ಕೊಟ್ಟ ಕೋರ್ಟಿನ ಆದೇಶ. ನಿಮ್ಮ ಜಾತಿಯಲ್ಲಿ ಸೋಡಚೀಟಿ ಹಳೆಯ ಪದ್ಧತಿ ಆಗಿದ್ದರೆ ಹಿಂದೂ ವಿವಾಹ ಕಾಯ್ದೆಯ 29ನೇ ಸೆಕ್ಷನ್ ಅದನ್ನು ಒಪ್ಪುತ್ತದೆ. ಆದರೆ ಪದ್ಧತಿ ಇತ್ತು ಅಂತ ಕೋರ್ಟಿನಲ್ಲಿ ಸಾಬೀತು ಮಾಡಬೇಕು. ಆಗದಿದ್ದರೆ ನೀವಿನ್ನೂ ಅವರ ಹೆಂಡತಿಯೇ. ಮರುಮದುವೆಯಾದರೆ ಅದು ಅಪರಾಧ.

ಗಂಡ ಒಪ್ಪಿದರೆ ಕೂಡಿ ಹಾಕುವ ಅರ್ಜಿಯೇ ಒಳ್ಳೇದು ಅನ್ನುತ್ತೇನೆ. ಅದು ಅದೇ ಕಾಯ್ದೆಯ 13ಬಿ ಸೆಕ್ಷನ್, ಇಬ್ಬರ ಒಪ್ಪಿಗೆಯ ವಿಚ್ಛೇದನ. ಒಂದು ವರ್ಷ ಬೇರೆ ಇದ್ದಿರಬೇಕು, ನಿಮಗೆ ಆಗಿದೆ. ಅರ್ಜಿ ಹಾಕಿ ಆರು ತಿಂಗಳಾದ ಮೇಲೆ, ಹದಿನೆಂಟು ತಿಂಗಳೊಳಗೆ ಮತ್ತೆ ಇಬ್ಬರೂ ಹೋಗಿ ಹೇಳಬೇಕು. ಅರ್ಜಿ ಹಾಕುವ ಮೊದಲೇ ಒಂದೂವರೆ ವರ್ಷ ಬೇರೆ ಇದ್ದು, ಜೀವನಾಂಶ, ಮಕ್ಕಳು ಎಲ್ಲ ಇತ್ಯರ್ಥ ಆಗಿದ್ದರೆ, ಆ ಆರು ತಿಂಗಳನ್ನು ಬಿಡುವ ಅಧಿಕಾರ ಜಡ್ಜ್‌ಗೆ ಇದೆ ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಒಂದು ಎಚ್ಚರಿಕೆ. ಡಿಕ್ರಿ ಆಗುವವರೆಗೆ ಇಬ್ಬರಲ್ಲಿ ಯಾರು ಬೇಕಾದರೂ ಹಿಂದೆ ಸರಿಯಬಹುದು. ಅದಕ್ಕೇ ಕೊಡುವುದು, ತಗೊಳ್ಳುವುದು ಎಲ್ಲ ಅರ್ಜಿಯಲ್ಲೇ ಬರೆಸಿ. ನಮ್ಮದೂ ಆಮೇಲೆ ಕೋರ್ಟಿಗೇ ಹೋಯಿತು. ಅಲ್ಲಿ ಮೀಡಿಯೇಷನ್ ದಿನ, ಅಂದರೆ ಮಧ್ಯಸ್ಥರ ಮುಂದೆ ಮಾತುಕತೆಯ ದಿನ, ಅವ್ವ ಚೀಟಿ ಇಲ್ಲದೆ ಒಂದೊಂದೇ ಹೇಳುತ್ತಾ ಹೋದಳು: ಬೋರಮಾಳ, ಎರಡು ಪಾಟಲಿ, ಬೆಳ್ಳಿ ಆರತಿ ತಟ್ಟೆ, ತಾಮ್ರದ ಹಂಡೆ. ಎಲ್ಲ ಹಾಳೆಗೆ ಇಳೀತು. ಕೊನೆಯ ತಾರೀಕಿಗೆ ಬೋರಮಾಳ ಕೈಗೆ ಬಂದ ಮೇಲೇ ನಾನು ಸಹಿ ಹಾಕಿದ್ದು. ಹಂಡೆ ಮಾತ್ರ ಬರಲೇ ಇಲ್ಲ. ಅವ್ವ ಈಗಲೂ ಅದನ್ನು ನೆನೆಸುತ್ತಾಳೆ.

ಗಂಡ ಒಪ್ಪದಿದ್ದರೆ, ಇಲ್ಲಾ ಕೈ ಮಾಡಿದ್ದರೆ, 13ನೇ ಸೆಕ್ಷನ್ ಕೆಳಗೆ ಕೇಸ್ ಹಾಕಿ. ಸುಮ್ನೆ ಹೆದರಬೇಡಿ. ಹುಬ್ಬಳ್ಳಿಗೆ ಅಲೆಯಬೇಕಿಲ್ಲ, ಹೆಂಡತಿ ತಾನಿರುವ ಊರಿನ ಕೋರ್ಟಿನಲ್ಲೇ ಹಾಕಬಹುದು. ಕೇಸ್ ನಡೆಯುವಾಗ ಮಧ್ಯಂತರ ಜೀವನಾಂಶವನ್ನೂ ಕೇಳಬಹುದು. ಆದರೆ ವರ್ಷಗಟ್ಟಲೆ ಹಿಡಿಯುತ್ತದೆ, ಸಾಕ್ಷಿ ಬೇಕು. ಆಗದೇ ಇದ್ದದ್ದನ್ನು ಮಾತ್ರ ಬರೆಸಬೇಡಿ. ಎದುರು ವಕೀಲರು ಪ್ರಶ್ನೆ ಕೇಳುವ ಪಾಟೀಸವಾಲಿನಲ್ಲಿ ಅದೇ ಒಂದು ಸುಳ್ಳು ನಿಮ್ಮ ನಿಜವನ್ನೂ ಕೆಡಿಸುತ್ತದೆ. ನಡುವೆ ಗಂಡ ಒಪ್ಪಿದರೆ ಅದೇ ಕೇಸನ್ನು ಒಪ್ಪಿಗೆಯ ದಾರಿಗೆ ತಿರುಗಿಸಬಹುದು. ತುಂಬಾ ಜನರಿಗೆ ಇದು ಗೊತ್ತಿರೋದಿಲ್ಲ.

ವಕೀಲರ ಫೀಸಿನ ಚಿಂತೆ ಇದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ವಕೀಲರ ನೆರವು ಪುಕ್ಕಟೆ. ಮದುವೆ ಫೋಟೋ, ಲಗ್ನಪತ್ರಿಕೆ, ಆಧಾರ್ ಜೊತೆಗಿರಲಿ. ಅಷ್ಟರೊಳಗೆ ಹಿರಿಯರು ಮತ್ತೆ ಪೆನ್ನು ಕೈಗೆ ಕೊಟ್ಟರೆ, "ವಕೀಲರಿಗೆ ತೋರಿಸಿ ಬರ್ತೀನಿ" ಅಂತ ಹೇಳಿ ಎದ್ದು ಬನ್ನಿ.