ಏಳು ತಿಂಗಳ ಮಗುವಿಗೆ ಸ್ಲೀಪ್ ಟ್ರೈನಿಂಗ್ ಬೇಕಾ? ಅಳಲು ಬಿಟ್ಟರೆ ನಮ್ಮ ಮೇಲಿನ ನಂಬಿಕೆ ಹೋಗುತ್ತಾ?

ಮಗು ರಾತ್ರಿ ಗಂಟೆಗೊಮ್ಮೆ ಏಳುತ್ತದೆ, ಎತ್ತಿ ತೂಗಿದರೆ ಮಾತ್ರ ಮಲಗುತ್ತದೆ, ನೋಡಿದವರೆಲ್ಲ "ಅಳಲಿ ಬಿಡಿ, ತಾನೇ ಕಲಿಯುತ್ತೆ" ಅನ್ನುತ್ತಾರೆ, ಆದರೆ ನಿಮಗೆ ಮನಸ್ಸಾಗುತ್ತಿಲ್ಲ ಅಂತ ಬರೆದಿದ್ದೀರಿ. ಈ ಗೊಂದಲ ನನಗೂ ಚೆನ್ನಾಗಿ ಗೊತ್ತು. ಸ್ಲೀಪ್ ಟ್ರೈನಿಂಗ್, ಅಂದರೆ ಮಗುವಿಗೆ ತಾನಾಗಿಯೇ ಮಲಗುವುದನ್ನು ಕಲಿಸುವುದು, ಮಾಡಿದರೂ ಮಾಡದಿದ್ದರೂ ಮಗುವಿಗೆ ಏನೂ ಆಗುವುದಿಲ್ಲ. ನಿಮ್ಮ ಮನೆಯಲ್ಲಿ ಎಲ್ಲರಿಗೂ ಎಷ್ಟು ಸುಸ್ತಾಗಿದೆ ಅನ್ನುವುದನ್ನು ನೋಡಿ ತೀರ್ಮಾನ ಮಾಡಿ.

ರಾತ್ರಿ ಏಳುವುದೇ ಒಂದು ತೊಂದರೆ ಅಂದುಕೊಳ್ಳಬೇಡಿ. ಈ ವಯಸ್ಸಿನಲ್ಲಿ ನಿದ್ದೆಯ ಒಂದು ಸುತ್ತು ಸುಮಾರು 50-60 ನಿಮಿಷ. ಸುತ್ತು ಮುಗಿದಾಗ ನಿದ್ದೆ ತಿಳಿಯಾಗುತ್ತದೆ, ಕೆಲವು ಮಕ್ಕಳು ಪೂರ್ತಿ ಎದ್ದೇ ಬಿಡುತ್ತಾರೆ. 2018ರಲ್ಲಿ ಕೆನಡಾದ ಸಂಶೋಧಕರು ನೋಡಿದ ಮಕ್ಕಳಲ್ಲಿ, ಆರು ತಿಂಗಳಿಗೆ ಶೇ. 38ರಷ್ಟು ಮಕ್ಕಳು ಒಂದೇ ಸಮನೆ 6 ಗಂಟೆ ಮಲಗುತ್ತಿರಲಿಲ್ಲ. ವರ್ಷ ತುಂಬಿದಾಗಲೂ ಶೇ. 28ರಷ್ಟು ಮಕ್ಕಳು ಹಾಗೇ ಇದ್ದರು. ಅವರ ಬೆಳವಣಿಗೆಯಲ್ಲಿ ಕೊರತೆಯೇನೂ ಕಾಣಲಿಲ್ಲ. ಟ್ರೈನಿಂಗ್ ಆದ ಮಗುವೂ ಏಳುತ್ತದೆ, ನಮ್ಮನ್ನು ಕರೆಯದೆ ಮತ್ತೆ ಮಲಗುತ್ತದೆ, ಅಷ್ಟೇ.

ಇನ್ನು ನಂಬಿಕೆಯ ಪ್ರಶ್ನೆ. ನನಗೂ ಇದೇ ಭಯ ಇತ್ತು. 2012ರ ಒಂದು ಅಧ್ಯಯನ ಓದಿ ನಿದ್ದೆಯೇ ಬಂದಿರಲಿಲ್ಲ. 25 ಮಕ್ಕಳಲ್ಲಿ ಅಳು ನಿಂತ ಮೇಲೂ ಒತ್ತಡದ ಹಾರ್ಮೋನ್ ಕಾರ್ಟಿಸಾಲ್ ಇಳಿದಿರಲಿಲ್ಲವಂತೆ. ಆದರೆ ಅಲ್ಲಿ ಹೋಲಿಸಿ ನೋಡಲು ಟ್ರೈನಿಂಗ್ ಇಲ್ಲದ ಮಕ್ಕಳ ಗುಂಪೇ ಇರಲಿಲ್ಲ. ಅಂಥ ಗುಂಪು ಇಟ್ಟುಕೊಂಡು ಆಸ್ಟ್ರೇಲಿಯಾದಲ್ಲಿ ನಡೆದ ಅಧ್ಯಯನ 2016ರಲ್ಲಿ ಬಂತು. ಮಕ್ಕಳು 43 ಜನ ಮಾತ್ರ, ಆದರೂ ಒಂದು ವರ್ಷದ ನಂತರ ತಂದೆತಾಯಿ ಜೊತೆಗಿನ ಬಾಂಧವ್ಯದಲ್ಲಿ ವ್ಯತ್ಯಾಸ ಸಿಗಲಿಲ್ಲ. ಮೆಲ್ಬರ್ನ್‌ನಲ್ಲಿ ಇಂಥದೇ ಇನ್ನೊಂದು ಅಧ್ಯಯನದ 326 ಮಕ್ಕಳಲ್ಲಿ 225 ಮಕ್ಕಳನ್ನು ಆರು ವರ್ಷದ ವಯಸ್ಸಿನಲ್ಲಿ ಮತ್ತೆ ನೋಡಿದಾಗಲೂ ಹಾನಿ ಕಾಣಲಿಲ್ಲ. ದೊಡ್ಡ ಲಾಭವೂ ಕಾಣಲಿಲ್ಲ! "ಈಗ ಕಲಿಸದಿದ್ದರೆ ಮುಂದೆ ಕಷ್ಟ" ಅಂತ ಹೆದರಿಸುವವರಿಗೆ ಇದನ್ನು ಹೇಳಿ.

ಮತ್ತೆ, ಬಾಗಿಲು ಹಾಕಿ ಹೊರಗೆ ಬರುವುದೊಂದೇ ದಾರಿ ಅಲ್ಲ. ನಾವು ತೊಟ್ಟಿಲ ಪಕ್ಕ ಕುರ್ಚಿ ಹಾಕಿ ಕೂತೆವು. ಕಣ್ಣು ಎಳೆಯುವಾಗಲೇ, ಪೂರ್ತಿ ಮಲಗುವ ಮುಂಚೆ, ಕೆಳಗೆ ಮಲಗಿಸುವುದು. ಅತ್ತರೆ ಎದೆ ಮೇಲೆ ಕೈ ಇಡುವುದು, ಮೆಲ್ಲಗೆ ತಟ್ಟುವುದು, ಎತ್ತುವುದಿಲ್ಲ. ದಿನ ಕಳೆದಂತೆ ಕುರ್ಚಿ ಬಾಗಿಲ ಕಡೆ ಸರಿಯಿತು. ಹಾಗೆ ಕೂತಾಗಲೇ ಅಳುವಿನ ವ್ಯತ್ಯಾಸ ಗೊತ್ತಾಗಿದ್ದು. ನಿದ್ದೆಗೆ ಅಳುವಾಗ ರಾಗ ಎಳೆಯುತ್ತಾ, ನಡುನಡುವೆ ನಿಲ್ಲಿಸಿ, ಕಣ್ಣು ಉಜ್ಜಿಕೊಳ್ಳುತ್ತಿತ್ತು. ನಿಜವಾಗಿ ನಾನು ಬೇಕಾದಾಗ ದನಿ ಏರುತ್ತಲೇ ಹೋಗುತ್ತಿತ್ತು, ಮೈ ಬಿಗಿಯಾಗುತ್ತಿತ್ತು. ಆಗ ಯಾವ ನಿಯಮವನ್ನೂ ನೋಡದೆ ಎತ್ತಿಕೊಂಡಿದ್ದೇನೆ. ನೀವೂ ಎತ್ತಿಕೊಳ್ಳಿ.

ಜ್ವರ ಇದ್ದರೆ ಶುರು ಮಾಡಬೇಡಿ. ತೂಕ ಸರಿಯಾಗಿ ಏರದಿದ್ದರೆ, ಗೊರಕೆ ಜಾಸ್ತಿ ಇದ್ದರೆ ಮೊದಲು ಡಾಕ್ಟರಿಗೆ ತೋರಿಸಿ. ರಾತ್ರಿ ಹಸಿವಾಗುತ್ತಿದ್ದರೆ ಹಾಲು ಕೊಡಿ, ಟ್ರೈನಿಂಗ್ ಅಂದರೆ ಹಾಲು ಬಿಡಿಸುವುದಲ್ಲ. ಯಾವ ವಿಧಾನವಾದರೂ ಗಟ್ಟಿಯಾದ ಸಮತಟ್ಟು ಹಾಸಿಗೆಯಲ್ಲಿ ಅಂಗಾತ ಮಲಗಿಸಿ, ದಿಂಬು ಬೇಡ.

ಒಂದು ವಿಷಯದಲ್ಲಿ ಮಾತ್ರ ನಾನು ಗಟ್ಟಿಯಾಗಿ ಹೇಳುತ್ತೇನೆ. ನಿದ್ದೆ ಕೆಟ್ಟು ಸೋಫಾ ಮೇಲೆ ಮಗುವನ್ನು ಎತ್ತಿಕೊಂಡೇ ತೂಕಡಿಸುವ ಸ್ಥಿತಿ ಬಂದಿದ್ದರೆ, ಅದು ಮಗುವಿಗೆ ನಿಜವಾದ ಅಪಾಯ. ಆಗ ಟ್ರೈನಿಂಗ್ ಬಗ್ಗೆ ಪಾಪಪ್ರಜ್ಞೆ ಬೇಡ. ಅಷ್ಟು ಸುಸ್ತಿಲ್ಲ, ತೂಗಿ ಮಲಗಿಸುವುದು ನಿಮಗೂ ಇಷ್ಟ ಅಂದರೆ ಸುಮ್ನೆ ತೂಗಿ. ಇಬ್ಬರೂ ಮಾತಾಡಿಕೊಂಡು ಶುರು ಮಾಡಿ, ಮನಸ್ಸು ತಡೆಯದಿದ್ದರೆ ನಿಲ್ಲಿಸಿ. ತಿಂಗಳು ಬಿಟ್ಟು ಮತ್ತೆ ನೋಡಬಹುದು ಅಲ್ವಾ?